ಕಮಲಾಪುರದ ಬಾವಿಯಲ್ಲಿ ಮೂರು ಬಡಿತ

"ಇನ್ನೊಮ್ಮೆ ಹಾಕವ್ವ," ಎಂದಳು ವಿದ್ಯಾವತಿ.

ಅಲ್ಫಿಯಾ ಸಣ್ಣದೊಂದು ನಿಟ್ಟುಸಿರು ಬಿಟ್ಟು ಕಂಪ್ಯೂಟರಿನ ಗುಂಡಿ ಒತ್ತಿದಳು. ವಿದ್ಯಾವತಿ ಹೆಡ್‌ಫೋನನ್ನು ಸೆರಗಿನ ಮೇಲಿಂದಲೇ ಕಿವಿಗೆ ಅದುಮಿ ಹಿಡಿದು ಕಣ್ಣು ಮುಚ್ಚಿದಳು. ಬೆಳಗಿನಿಂದ ಇದೇ ನಡೆದಿತ್ತು. ಕುಸನೂರಿನ ಆ ಪ್ರಯೋಗಾಲಯದ ಫ್ಯಾನು ಕೂಡ ಈ ಸದ್ದನ್ನು ಕೇಳಿ ಕೇಳಿ ಬೇಸತ್ತಂತೆ ತಿರುಗುತ್ತಿತ್ತು.

ಮೊದಲು ಗುಡುಗುಡು ಎಂದು ಪಂಪಿನ ಸದ್ದು. ಅದು ನಿಂತಿತು. ಬಾವಿಯ ಮೌನದಲ್ಲಿ ಒಂದು ಕಪ್ಪೆ ಎರಡು ಸಲ ವಟಗುಟ್ಟಿತು. ಆಮೇಲೆ ಬಳಬಳ ಎಂದು ನೀರು ಸೀಳಿದ ಸದ್ದು. ಟಕ್, ಟಕ್. ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಏನೂ ಇಲ್ಲ. ನಂತರ ಟಣ್. ಅಲ್ಲಿಗೆ ಮುಗಿಯಿತು.

ಕಳೆದ ಮಂಗಳವಾರ ಮಧ್ಯಾಹ್ನ ಕಮಲಾಪುರದ ಶಂಕ್ರಮ್ಮನ ಬಾವಿಯಲ್ಲಿ ಪರೀಕ್ಷೆಗೆಂದು ಇಳಿಸಿದ್ದಾಗ ಕಳುವಾದ ಯಂತ್ರ, ಕಳುವಾಗುವ ಮುನ್ನ ಕೊನೆಯದಾಗಿ ಕೇಳಿಸಿಕೊಂಡದ್ದು ಇಷ್ಟು. ಹೊರಗಿನವರು ಯಾರೂ ನೋಡಿರಲಿಲ್ಲ. ಕಳುವಾದ ಸಾಮಾನೇ ಸಾಕ್ಷಿ ಹೇಳುವ ಪ್ರಕರಣ ವಿದ್ಯಾವತಿಗೆ ಇದೇ ಮೊದಲು.

ಯಂತ್ರವೆಂದರೆ ದೊಡ್ಡದೇನಲ್ಲ. ತಂಬಿಗೆಯಷ್ಟು ಗಾತ್ರದ ಒಂದು ಟೊಳ್ಳು ಉರುಳೆ. ಅದರ ಮೈಗೆ ಕೂದಲೆಳೆಯಂಥ ಗಾಜಿನ ತಂತುವನ್ನು ಬಿಗಿಯಾಗಿ ಸುತ್ತಿ, ಮೇಲೆ ಕರಿ ಅಂಟು ಬಳಿದಿರುತ್ತಾರೆ. ತಂತುವಿನೊಳಗೆ ಲೇಸರ್ ಬೆಳಕು ಓಡುತ್ತಿರುತ್ತದೆ. ನೀರಿನಲ್ಲಿ ಸದ್ದಾದರೆ ಉರುಳೆ ಅದುಮಿಕೊಳ್ಳುತ್ತದೆ, ತಂತು ಒಂದಿಷ್ಟೇ ಇಷ್ಟು ಹಿಗ್ಗಿ ಕುಗ್ಗುತ್ತದೆ, ಬೆಳಕಿನ ಹೆಜ್ಜೆ ತಪ್ಪುತ್ತದೆ. ಆ ತಪ್ಪಿದ ಹೆಜ್ಜೆಯನ್ನು ಕಂಪ್ಯೂಟರು ಹಿಡಿದು ಮತ್ತೆ ಸದ್ದು ಮಾಡಿ ಕೊಡುತ್ತದೆ. ಸಮುದ್ರದಲ್ಲಿ ಮೈಲುಗಟ್ಟಲೆ ದೂರದ ಹಡಗನ್ನು ಕೇಳುವ ಕಿವಿ ಅದು. ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡ ಕಲಬುರಗಿಯಲ್ಲಿ ಕೂತು ಸಮುದ್ರಕ್ಕೆ ಕಿವಿ ಮಾಡುವ ಹುಚ್ಚು ಅಲ್ಫಿಯಾಗೆ ಎಲ್ಲಿಂದ ಬಂತೋ ದೇವರೇ ಬಲ್ಲ. ಆದರೆ ಮಾಡಿದ್ದಳು. ಅದು ಕೇಳುತ್ತಲೂ ಇತ್ತು.

ಬರುವ ಸೋಮವಾರ, ಈ ಯಂತ್ರಕ್ಕೆ ಹಣ ಕೊಟ್ಟ ಕಚೇರಿಯ ತಂಡ ಅದನ್ನು ನೋಡಲು ಬರುವುದಿತ್ತು. ಅಷ್ಟರೊಳಗೆ ಯಂತ್ರ ಸಿಗದಿದ್ದರೆ ಅಲ್ಫಿಯಾಳ ಮೇಲೆಯೇ ಪೊಲೀಸರಿಗೆ ದೂರು ಕೊಡುವುದಾಗಿ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಶಿವಶರಣ ಹೇಳಿಬಿಟ್ಟಿದ್ದರು. ಬಾವಿಯ ಕಟ್ಟೆಯ ಮೇಲೆ, ಯಂತ್ರದ ತಂತಿ ಬಂದು ಸೇರಿ ಸದ್ದು ದಾಖಲಾಗುವ ಪೆಟ್ಟಿಗೆಯನ್ನು ಕಳ್ಳ ಒಡೆದಿರಲಿಲ್ಲ, ಕೀಲಿಯಿಂದ ತೆಗೆದಿದ್ದ. ಕೀಲಿ ಇದ್ದದ್ದು ಎರಡೇ. ಒಂದು ಶಿವಶರಣರ ಉಡದಾರದಲ್ಲಿ, ಇನ್ನೊಂದು ಅಲ್ಫಿಯಾಳ ಬ್ಯಾಗಿನಲ್ಲಿ.

ಯಂತ್ರ ಹುಡುಕಿ ಕೊಡಿ ಎಂದು ವಿದ್ಯಾವತಿಯ ಬಾಗಿಲಿಗೆ ಬಂದವಳು ಅಲ್ಫಿಯಾಳೇ. ಆ ಮಧ್ಯಾಹ್ನ ಅವಳು ಎಲ್ಲರ ಕಣ್ಣೆದುರೇ ಪ್ರಯೋಗಾಲಯದಲ್ಲಿ ತಂತು ಸುತ್ತುತ್ತ ಕೂತಿದ್ದಳು. ಅಷ್ಟು ಸಾಕಾಗಿತ್ತು ವಿದ್ಯಾವತಿಗೆ. ಶಿವಶರಣರ ಮೇಜಿನ ಮುಂದೆ ನಿಂತು, ಈ ಹುಡುಗಿ ಕಳ್ಳಿಯಾದರೆ ನನ್ನ ಬೋರ್ಡು ಇಳಿಸಿ ಮನೆಗೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದಳು. ಬೋರ್ಡೇನೂ ಜಗತ್ಪ್ರಸಿದ್ಧವಲ್ಲ. ‘ವಿದ್ಯಾವತಿ ವಿಚಾರಣಾ ಸೇವೆ. ವಧೂವರರ ಹಿನ್ನೆಲೆ ತಪಾಸಣೆ’ ಎಂದಷ್ಟೇ ಅದರಲ್ಲಿ ಬರೆದಿತ್ತು. ಹೆಡ್ ಕಾನ್‌ಸ್ಟೆಬಲ್ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದ ಮೇಲೆ ಅವಳು ಪತ್ತೆ ಹಚ್ಚಿದ್ದೆಲ್ಲ ಗಂಡುಗಳ ಕುಡಿತ, ಸಾಲ ಮತ್ತು ಮೊದಲನೇ ಹೆಂಡತಿಯರನ್ನು. ಆದರೂ ಆ ಬೋರ್ಡು ಅವಳ ಅನ್ನ, ಅವಳ ಮಾನ, ಎರಡೂ ಆಗಿತ್ತು.

"ಮೀನು ಬಡಿದಿರ್ಬೇಕು ಆಂಟಿ," ಎಂದಳು ಅಲ್ಫಿಯಾ. "ಕೊನೀದು ಬಿಟ್ಟಬಿಡ್ರಿ. ಅದರಾಗ ಏನಿಲ್ಲ."

ಮೀನು ಎರಡು ಸಲ ಬಾಗಿಲು ಬಡಿದು, ಯಾರಾದರೂ ತೆಗೆಯುತ್ತಾರೇನೋ ಎಂದು ಕಾದು, ಮತ್ತೊಮ್ಮೆ ಬಡಿಯುವುದನ್ನು ವಿದ್ಯಾವತಿ ಕಂಡಿರಲಿಲ್ಲ. ಅದೂ ಅಲ್ಲದೆ ನೀರಿನ ಬಳಬಳ ಬಡಿತಕ್ಕೆ ಮೊದಲೇ ನಿಂತಿತ್ತು. ಅಂದರೆ ಬಡಿಯುವಾಗ ಯಂತ್ರ ನೀರಿನ ಹೊರಗಿತ್ತು, ಯಾರದೋ ಕೈಯಲ್ಲಿತ್ತು, ತಂತಿಯನ್ನು ಇನ್ನೂ ಬಿಚ್ಚಿರಲಿಲ್ಲ. ಕದ್ದ ಸಾಮಾನನ್ನು ಕೈಯಲ್ಲಿ ಹಿಡಿದು ಓಡುವುದು ಬಿಟ್ಟು ಬಡಿಯುತ್ತ ನಿಲ್ಲುವ ಕಳ್ಳ ಎಂಥವನು?

ಅಷ್ಟರಲ್ಲಿ ತಂತ್ರಜ್ಞ ಸುನೀಲಕುಮಾರ ಒಳಗೆ ಬಂದ. ಮೇಜಿನ ಮೇಲೆ, ಸೂಕ್ಷ್ಮ ಉಪಕರಣಗಳ ನಡುವೆ, ವಿದ್ಯಾವತಿ ಬರುವ ದಾರಿಯಲ್ಲಿ ಸೂಪರ್ ಮಾರ್ಕೆಟ್ ಪೇಟೆಯ ಬೀದಿಯಲ್ಲಿ ಕೊಂಡ ಮಣ್ಣಿನ ಗಡಿಗೆ ಕೂತಿತ್ತು. ಮನೆಯ ಫ್ರಿಜ್ಜು ಬೇಸಿಗೆಗೆ ಮೊದಲೇ ಸತ್ತಿದ್ದರಿಂದ ತಣ್ಣೀರಿಗೆ ಅದೇ ಗತಿಯಾಗಿತ್ತು. ಸುನೀಲಕುಮಾರ ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಹೋಗಿ ಅಂಗೈಯಿಂದ ಗಡಿಗೆಯ ಹೊಟ್ಟೆಗೆ ದಬ್ ಎಂದು ಬಾರಿಸಿ, ಕಿವಿಗೊಟ್ಟು ನಿಂತ.

"ಬಿರಕು ಬಿಟ್ಟದ ನೋಡ್ರಿ ಮೇಡಂ. ಮೋಸ ಹೋಗೀರಿ."

ಬಾಗಿಲಲ್ಲಿ ನಿಂತಿದ್ದ ಶಿವಶರಣರಿಗೆ ಇದು ಸಹನವಾಗಲಿಲ್ಲ. ಸದ್ದಿನ ವಿಷಯದಲ್ಲಿ ಆ ಕಟ್ಟಡದಲ್ಲಿ ಕೊನೆಯ ಮಾತು ಅವರದು. ಜೇಬಿನಿಂದ ಪೆನ್ನು ತೆಗೆದು, ಗಡಿಗೆಯ ಕೊರಳು, ಭುಜ, ಹೊಟ್ಟೆ ಮೂರಕ್ಕೂ ಒಂದೇ ಅಳತೆಯಲ್ಲಿ ತಟ್ಟಿ, ಗಡಿಗೆ ನಿರ್ದೋಷಿಯೆಂದು ತೀರ್ಪು ಕೊಟ್ಟರು. ಸುನೀಲಕುಮಾರ ಮತ್ತೆ ಅಂಗೈ ಬಾರಿಸಿದ. ಅವರು ಮತ್ತೆ ಪೆನ್ನು ತಟ್ಟಿದರು. ಸಮುದ್ರದಾಳದ ಸದ್ದು ಹಿಡಿಯುವ ಇಬ್ಬರು ಪಂಡಿತರು ಒಂದು ಗಡಿಗೆಯ ಮುಂದೆ ಜಗಳಕ್ಕೆ ನಿಂತರು.

ವಿದ್ಯಾವತಿ ಹೆಡ್‌ಫೋನು ತೆಗೆದು ಕೆಳಗಿಟ್ಟಳು.

ತಾನು ಕೊಳ್ಳುವಾಗ ಗಡಿಗೆಯನ್ನು ಬಡಿದಿದ್ದಳೇ? ಬಡಿದಿದ್ದಳು. ಹೇಗೆ ಬಡಿದೆ ಎಂದು ಈಗ ಕೇಳಿದರೆ ಹೇಳಲಾರಳು. ಕೈ ತನ್ನಷ್ಟಕ್ಕೆ ತಾನೇ ಬಡಿದಿತ್ತು. ಈ ಊರಿನಲ್ಲಿ ಗಡಿಗೆಯಾಗಲಿ ತೆಂಗಿನಕಾಯಾಗಲಿ ಬಡಿಯದೆ ಮನೆಗೆ ಒಯ್ಯುವವರು ಯಾರಿದ್ದಾರೆ? ಕಳ್ಳ ಯಂತ್ರವನ್ನು ಮೇಲೆ ಎಳೆದ. ಕೈಯಲ್ಲಿ ಹಿಡಿದ. ದುಂಡಗೆ, ಟೊಳ್ಳಾಗಿ, ತಂಬಿಗೆಯ ಹಾಗೆ ಇತ್ತು. ಒಯ್ಯುವ ಮುಂಚೆ ಸರಿಯಿದೆಯೋ ಬಿರುಕು ಬಿಟ್ಟಿದೆಯೋ ಎಂದು ಅವನ ಕೈ ತನ್ನಷ್ಟಕ್ಕೆ ಬಡಿದು ನೋಡಿತು.

ಮತ್ತು ಬಡಿಯುವ ಕೈ ಒಬ್ಬೊಬ್ಬರದು ಒಂದೊಂದು ಥರ. ಅದು ಈಗ ಅವಳ ಕಣ್ಣೆದುರೇ ರುಜುವಾತಾಗಿತ್ತು. ಸುನೀಲಕುಮಾರನ ದಬ್ ಅಲ್ಲ, ಶಿವಶರಣರ ಟಿಕ್ ಟಿಕ್ ಟಿಕ್ ಕೂಡ ಅಲ್ಲ. ಬಾವಿಯಲ್ಲಿ ಕೇಳಿದ್ದು ಗೆಣ್ಣಿನ ಸದ್ದು, ನಡುವೆ ಒಂದು ಬಿಡುವು, ಆಮೇಲೆ ಬೇರೆಯದೇ ಒಂದು ಟಣ್. ಆ ಬಿಡುವು ಯಾಕೆ ಎಂದು ಮಾತ್ರ ಹೊಳೆಯಲಿಲ್ಲ.

ಇಡೀ ಗದ್ದಲದಲ್ಲಿ ಗಡಿಗೆಯನ್ನು ಮುಟ್ಟದವಳು ಅಲ್ಫಿಯಾ ಒಬ್ಬಳೇ. ನಿಜವಾದ ವಿಜ್ಞಾನಿ ಎಂದರೆ ಇವಳು, ಇಂಥ ಹುಡುಗಾಟಕ್ಕೆ ಇವಳಿಗೆ ಪುರುಸೊತ್ತಿಲ್ಲ ಎಂದು ವಿದ್ಯಾವತಿ ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಕಮಲಾಪುರಕ್ಕೆ ಹೊರಡುತ್ತೇನೆ, ಗಡಿಗೆಯೂ ಜೊತೆಗೆ ಬರುತ್ತದೆ ಎಂದಾಗ ಅಲ್ಫಿಯಾ ಬೇಡವೇ ಬೇಡ ಎಂದಳು. ಬಿಸಿಲು ಎಷ್ಟಿದೆ, ರಸ್ತೆ ಹೇಗಿದೆ, ಈ ವಯಸ್ಸಿನಲ್ಲಿ ತಲೆ ತಿರುಗಿ ಬಿದ್ದರೆ ಏನು ಗತಿ ಎಂದು ಹತ್ತು ಕಾರಣ ಕೊಟ್ಟು, ಬೇಕಿದ್ದರೆ ತಾನೇ ಸ್ಕೂಟರಿನಲ್ಲಿ ಮನೆಗೆ ಬಿಟ್ಟುಬರುತ್ತೇನೆ ಎಂದಳು. ಮಕ್ಕಳಿಲ್ಲದ ವಿದ್ಯಾವತಿ ಹುಡುಗಿಯ ತಲೆ ಸವರಿದಳು. ತನ್ನದೇ ಹೆಸರು ಠಾಣೆಯ ಬಾಗಿಲಲ್ಲಿ ನಿಂತಿರುವಾಗ ಈ ಹುಡುಗಿ ವಿದ್ಯಾವತಿಯ ತಲೆ ತಿರುಗುವ ಚಿಂತೆ ಮಾಡುತ್ತಿದ್ದಾಳೆ. ಯಂತ್ರ ಹುಡುಕಿ ತಂದು ಇವಳ ಕೈಗಿಡದಿದ್ದರೆ ತಾನು ಮನುಷ್ಯಳೇ ಅಲ್ಲ.

ಶಫಿಯ ಆಟೋ ಅವಳಿಗೆ ಕಾಯಂ. ಗಂಡುಗಳ ಊರಿಗೆ ಗುಟ್ಟಾಗಿ ಹೋಗಿ ಬರಲು ಅವನಷ್ಟು ನಂಬಿಗಸ್ತ ಇನ್ನೊಬ್ಬನಿರಲಿಲ್ಲ. ಮಾತು ಮಾತ್ರ ಜಾಸ್ತಿ. ಗಡಿಗೆಯೂ ಒಂದು ಸಾಕ್ಷಿಯೆಂದು ತಿಳಿದ ಮೇಲೆ ಅದಕ್ಕೂ ಅರ್ಧ ಚಾರ್ಜು ಬೀಳುತ್ತದೆ ಎಂದ. ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ವಿದ್ಯಾವತಿ ಗಡಿಗೆಯನ್ನು ಅವನ ಕೈಗೆ ಕೊಟ್ಟು ಸುಮ್ಮನೆ ನೋಡಿದಳು. ಶಫಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಡೋಲಕಿನಂತೆ ಎರಡೂ ಕೈಯಿಂದ ಬಾರಿಸಿದ. ಚಹಾದಂಗಡಿಯವನು ತಲೆದೂಗಿದ. ಶಂಕಿತರ ಪಟ್ಟಿಯಿಂದ ಶಫಿಯ ಹೆಸರು ಬಿದ್ದುಹೋಯಿತು.

ಶಂಕ್ರಮ್ಮನ ತೋಟದಲ್ಲಿ ಕೆಂಪು ಬಾಳೆ ಗೊನೆ ಬಿಟ್ಟು ಬಾಗಿತ್ತು. ನಡುವೆ ಕಲ್ಲು ಕಟ್ಟಿದ ದೊಡ್ಡ ಬಾವಿ. ಒಂದು ಕಡೆ ಮೆಟ್ಟಿಲು, ಕಟ್ಟೆಯ ಮೇಲೆ ಪ್ರಯೋಗಾಲಯದ ತಗಡಿನ ಪೆಟ್ಟಿಗೆ, ಪಕ್ಕದ ಗುಡಿಸಲಲ್ಲಿ ಪಂಪಿನ ಸ್ಟಾರ್ಟರು. ಶಂಕ್ರಮ್ಮ ಆಕಳಿಗೆ ಹುಲ್ಲು ಹಾಕುತ್ತಿದ್ದಳು. ವಿದ್ಯಾವತಿಯನ್ನು ಕಂಡದ್ದೇ ತಡ, ಹುಲ್ಲು ಅಲ್ಲೇ ಬಿತ್ತು.

ಅವಳ ದೂರು ಹಳೆಯದು. ಇವರು ಬಾವಿಗೆ ಯಂತ್ರ ಇಳಿಸಿದಾಗಲೆಲ್ಲ ಸದ್ದಾಗಬಾರದೆಂದು ಪಂಪು ಬಂದ್ ಮಾಡಿಸುತ್ತಾರೆ. ಬಾಳೆ ಒಣಗುತ್ತದೆ. ಅದಾದರೂ ಹೋಗಲಿ ಎಂದರೆ, ಊರಿನಲ್ಲಿ ಇನ್ನೊಂದು ಸುದ್ದಿ ಹಬ್ಬಿತ್ತು. ಮೊದಲು ಕಿವಿ ಇಳಿಸಿ ಆಳ ನೋಡುತ್ತಾರೆ, ಆಮೇಲೆ ಸರ್ಕಾರದವರು ಬಂದು ಬಾವಿ ಹಿಡಿದು ಅದರೊಳಗೆ ಸಬ್‌ಮರೀನ್ ಬಿಡುತ್ತಾರೆ ಎಂದು.

"ನಮ್ಮತ್ತಿ ತೋಡಿಸಿದ ಬಾವಿ ಅದು," ಎಂದಳು ಶಂಕ್ರಮ್ಮ. "ಅದರಾಗ ಹಡಗ ಬಿಟ್ರ ನನ್ನ ಬಾಳಿಗಿ ನೀರು ಎಲ್ಲಿಂದ ತರ್ಲಿ?"

ಬಾವಿಗೆ ಸಬ್‌ಮರೀನ್ ಇಳಿಸಬೇಕಾದರೆ ಮೊದಲು ಅದನ್ನು ಮಹಾಗಾಂವ ಕ್ರಾಸಿನ ತಿರುವು ದಾಟಿಸಬೇಕು, ಕಬ್ಬಿನ ಲಾರಿಯೇ ಅಲ್ಲಿ ಸಿಕ್ಕಿಬೀಳುತ್ತದೆ ಎಂದು ವಿದ್ಯಾವತಿ ಸಮಾಧಾನ ಹೇಳಿದಳು. ಶಂಕ್ರಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಕೂರಲು ಚಾಪೆ ಹಾಕಿದಳು.

ವಿದ್ಯಾವತಿ ಗಡಿಗೆಯನ್ನು ಇಬ್ಬರ ನಡುವೆ ಇಟ್ಟು, ಪೇಟೆಯಲ್ಲಿ ಮೋಸ ಹೋದೆನೋ ಏನೋ ನೋಡು ಎಂದಳು. ಶಂಕ್ರಮ್ಮ ಮುಂಗೈ ತಿರುಗಿಸಿ ಗಡಿಗೆಯ ಹೊಟ್ಟೆಗೆ ಬಾರಿಸಿದಳು. ಮಣ್ಣಿನ ಸದ್ದಿಗಿಂತ ಮೊದಲು ಮೊಣಕೈತನಕದ ಹಸಿರು ಬಳೆಗಳು ಝಣಝಣ ಎಂದವು. ಬಾವಿಯ ಸದ್ದಿನಲ್ಲಿ ಬಳೆ ಇರಲಿಲ್ಲ. ಕದ್ದವಳು ಇವಳಲ್ಲ.

ಆದರೆ ಸುಳ್ಳು ಹೇಳಿದವಳು ಇವಳೇ. ವಿದ್ಯಾವತಿಗೆ ಅದು ಬೆಳಗಿನಿಂದ ಗೊತ್ತಿತ್ತು. ಗಂಡಿನ ತಾಯಿಯರನ್ನು ವಿಚಾರಿಸಿ ಪಳಗಿದ ದನಿಯಲ್ಲಿ, ಮೆಲ್ಲಗೆ, ಹುಲ್ಲಿನ ಕಡ್ಡಿಯೊಂದನ್ನು ಮುರಿಯುತ್ತ ಕೇಳಿದಳು.

"ಶಂಕ್ರಮ್ಮಕ್ಕ, ಮಂಗಳವಾರ ನೀ ಊರಾಗ ಇರಲಿಲ್ಲ ಅಂದಿದ್ದಿ."

"ಇರಲಿಲ್ಲರಿ. ಬೀಗರ ಮನಿಗಿ ಹೋಗಿದ್ದೆ."

"ಹಂಗಾದ್ರ ಪಂಪ್ ಯಾರು ಬಂದ್ ಮಾಡಿದ್ರು?"

ಶಂಕ್ರಮ್ಮ ಆಕಳ ಕಡೆ ನೋಡಿದಳು. "ಕರೆಂಟ್ ಹೋಗಿರ್ಬೇಕ್ರಿ. ನಮ್ಮಲ್ಲಿ ಕರೆಂಟಿನ ಹಣೇಬರಾ ನಿಮಗ ಗೊತ್ತಿಲ್ಲೇನು?"

"ಕರೆಂಟ್ ಹೋಗಿದ್ರ ಆ ಪೆಟಿಗ್ಯಾಗಿನ ಯಂತ್ರನೂ ಬಂದಾಗ್ತಿತ್ತಲ್ಲವ್ವ. ಎರಡೂ ಒಂದ ವಾಯರಿನ ಮ್ಯಾಲ ಅವ. ನಿನ್ನ ಪಂಪ್ ನಿಂತ ಮ್ಯಾಲ ಅದು ಕಪ್ಪಿ ಒದರೂದು ಕೇಳ್ಯದ, ಹಗ್ಗ ಎಳಿಯೂದು ಕೇಳ್ಯದ. ಸ್ಟಾರ್ಟರಿನ ಗುಡಿಸಲ ಕೀಲಿ ನಿನ್ನ ಸೊಂಟದಾಗ ಅದ."

ಶಂಕ್ರಮ್ಮನ ಕೈ ತನಗರಿವಿಲ್ಲದೆ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು. ಆಕಳು ಇಬ್ಬರನ್ನೂ ಒಮ್ಮೆ ನೋಡಿ ಮೇಯಲು ತೊಡಗಿತು.

"ಅದು ಕೇಳಿಸ್ಕೋತಿತ್ತೇನ್ರಿ ಖರೇನ?" ಎಂದಳು ಶಂಕ್ರಮ್ಮ, ಸಣ್ಣ ದನಿಯಲ್ಲಿ. "ನಾ ಬಾವಿ ಕಟ್ಟಿ ಮ್ಯಾಲ ಕುಂತು ಸೊಸಿ ಬಗ್ಗಿ ಏನೇನೋ ಆಡೀನಿ."

ಸೊಸೆಯ ವಿಷಯ ಗಾಳಿಯಲ್ಲಿ ಆಡಿದ್ದು, ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ ಎಂದು ವಿದ್ಯಾವತಿ ಧೈರ್ಯ ಕೊಟ್ಟಳು. ಈ ಜ್ಞಾನ ಅಲ್ಫಿಯಾ ಕೊಟ್ಟದ್ದು. ಶಂಕ್ರಮ್ಮನ ಮುಖ ತಿಳಿಯಾಯಿತು. ಎದೆಯ ಭಾರ ಇಳಿದವಳಂತೆ ನಡೆದದ್ದೆಲ್ಲ ಹೇಳಿದಳು.

ಮಂಗಳವಾರ ಮಧ್ಯಾಹ್ನ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ಟು, ಕಪ್ಪು ಕನ್ನಡಕ, ಕಣ್ಣಿನ ಕೆಳಗೆಲ್ಲ ಸ್ಕಾರ್ಫು. ಪರೀಕ್ಷೆ ಮುಗಿಯಿತು, ಯಂತ್ರ ಒಯ್ಯಲು ಕಳಿಸಿದ್ದಾರೆ ಎಂದಳು. ಪೆಟ್ಟಿಗೆಯ ಕೀಲಿ ಅವಳ ಕೈಯಲ್ಲೇ ಇತ್ತು, ಅನುಮಾನ ಯಾಕೆ ಬರಬೇಕು? ಪೀಡೆ ತೊಲಗಿತೆಂದು ಶಂಕ್ರಮ್ಮ ತಾನಾಗಿ ಪಂಪು ಬಂದ್ ಮಾಡಿ, ಹಗ್ಗ ಎಳೆದು ಯಂತ್ರವನ್ನು ಮೇಲೆ ತೆಗೆದುಕೊಟ್ಟಳು. ಸುತ್ತಿಕೊಡಲು ಬಾಳೆಎಲೆ ಕೊಯ್ಯಲು ಹೋಗಿ ಬರುವಷ್ಟರಲ್ಲಿ ಆ ಹೆಂಗಸು ತಂತಿ ಬಿಚ್ಚಿ ಮುಗಿಸಿದ್ದಳು. ಮಾರನೆಯ ದಿನ ಕಳುವಾಯಿತೆಂದು ಗುಲ್ಲೆದ್ದಾಗ ಶಂಕ್ರಮ್ಮನಿಗೆ ಹೆದರಿಕೆಯಾಗಿ ಬಾಯಿ ಹೊಲಿದುಕೊಂಡಳು. ಯಂತ್ರ ಸಿಕ್ಕರೆ ಮತ್ತೆ ಬಾವಿಗೇ ಬರುತ್ತದಲ್ಲ ಎಂಬ ಲೆಕ್ಕವೂ ಇತ್ತು.

"ಹುಡುಗೀನೋ, ವಯಸ್ಸಾದಾಕಿನೋ?"

"ನಿಮ್ಮ ನಮ್ಮ ವಾರಿಗಿನ ಇರ್ಬೇಕ್ರಿ. ಮೊಣಕಾಲ ಹಿಡಕೊಂಡ ಮೆಟ್ಟಲಾ ಇಳದ್ಲು. ಭಾಳ ಮರ್ಯಾದಸ್ತ ಹೆಂಗಸು. ಸ್ಕಾರ್ಫಿನ ಒಳಗ ಹಿಡಕೊಂಡ ಬಾಳಿಹಣ್ಣ ತಿಂದು ಸಿಪ್ಪಿ ಸೈತ ಆಕಳ ಬುಟ್ಟಿಗಿ ಹಾಕಿ ಹೋದ್ಲು."

ಕಲಬುರಗಿಯ ಬೇಸಿಗೆಯಲ್ಲಿ ಸ್ಕೂಟರ್ ಹತ್ತಿದ ಹೆಂಗಸರೆಲ್ಲ ಹೀಗೇ ಮುಖ ಮುಚ್ಚಿಕೊಂಡಿರುತ್ತಾರೆ. ಗಂಡನಿಗೂ ಹೆಂಡತಿ ಸಿಗ್ನಲ್ಲಿನಲ್ಲಿ ಗುರುತು ಸಿಗುವುದಿಲ್ಲ. ಆದರೂ ವಿದ್ಯಾವತಿಗೆ ಇಷ್ಟು ಸಾಕಾಗಿತ್ತು. ಹೊರಟಾಗ ಶಂಕ್ರಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು, ಆ ಹುಡುಗಿಗೆ ಕೊಡಿ, ಪಾಪ, ನನ್ನ ದೆಸೆಯಿಂದ ಅವಳಿಗೆ ಕೆಟ್ಟ ಹೆಸರು ಬಂತು ಎಂದು ಕಣ್ಣೊರೆಸಿಕೊಂಡಳು.

ಆಟೋದಲ್ಲಿ ವಿದ್ಯಾವತಿ ಒಂದು ತೊಡೆಯ ಮೇಲೆ ಗಡಿಗೆ, ಇನ್ನೊಂದರ ಮೇಲೆ ಬಾಳೆಹಣ್ಣು ಇಟ್ಟುಕೊಂಡು ರಾಣಿಯ ಹಾಗೆ ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಕೀಲಿ. ಕೀಲಿ ಇರುವುದು ಪ್ರೊಫೆಸರರ ಉಡದಾರದಲ್ಲಿ. ಗಂಡಸಿನ ಉಡದಾರದಿಂದ ಅವನಿಗೆ ಗೊತ್ತಾಗದಂತೆ ಕೀಲಿ ಬಿಚ್ಚಬಲ್ಲವರು ಜಗತ್ತಿನಲ್ಲಿ ಎಷ್ಟು ಜನ? ಒಬ್ಬಳೇ. ಅವನ ಹೆಂಡತಿ. ಅಥವಾ ಗಂಡನೇ ಬಿಚ್ಚಿ ಕೊಟ್ಟು ಕಳಿಸಿ, ತಪ್ಪನ್ನು ಬಡ ಹುಡುಗಿಯ ತಲೆಗೆ ಕಟ್ಟಲು ಹೊಂಚು ಹಾಕಿದನೋ? ಸಂಜೆ ಗಡಿಗೆ ಹಿಡಿದು ಪ್ರೊಫೆಸರರ ಮನೆಗೆ ಹೋಗುವುದು, ಅಮ್ಮಾವರೇ ಇದು ಸರಿಯಿದೆಯೇ ನೋಡಿ ಎನ್ನುವುದು. ಟಕ್ ಟಕ್ ಟಣ್ ಎಂದರೆ ಆಟ ಮುಗಿಯಿತು.

ಅದಕ್ಕೆ ಮೊದಲು ಅಲ್ಫಿಯಾಳಿಗೆ ಸುದ್ದಿ ಹೇಳಬೇಕು. ಇವತ್ತು ರಾತ್ರಿಯಾದರೂ ಹುಡುಗಿ ನೆಮ್ಮದಿಯಿಂದ ಮಲಗಲಿ. ಅವಳ ಮನೆ ಹೋಗುವ ದಾರಿಯಲ್ಲೇ ಇತ್ತು, ಬಾಳೆಹಣ್ಣಿನ ನೆಪವೂ ಇತ್ತು. ಅವಳ ತಾಯಿ ಜುಬೇದಾಳಿಗೆ ಮಾತ್ರ ಏನೂ ಗೊತ್ತಾಗಬಾರದು. ಅಮ್ಮಿಗೆ ಬೀಪಿ ಇದೆ, ಕಳವು ಪೊಲೀಸು ಎಂದರೆ ಹಾಸಿಗೆ ಹಿಡಿಯುತ್ತಾಳೆ, ದಯವಿಟ್ಟು ಮನೆಗೆ ಬರಬೇಡಿ ಎಂದು ಅಲ್ಫಿಯಾ ಮೊದಲ ದಿನವೇ ಬೇಡಿಕೊಂಡಿದ್ದಳು. ಬಾಗಿಲಲ್ಲೇ ಹಣ್ಣು ಕೊಟ್ಟು, ಹುಡುಗಿಯನ್ನು ಹೊರಗೆ ಕರೆದು ಎರಡು ಮಾತು ಹೇಳಿದರಾಯಿತು ಎಂದುಕೊಂಡಳು ವಿದ್ಯಾವತಿ.

ಕಲಬುರಗಿಯ ರೋಜಾ ಬಡಾವಣೆಯ ಆ ಓಣಿಯಲ್ಲಿ ಸ್ಕೂಟರ್ ನಿಲ್ಲದ ಬಾಗಿಲೇ ಇರಲಿಲ್ಲ. ಶಫಿ ಆಟೋವನ್ನು ಓಣಿಯ ಬಾಯಿಯಲ್ಲೇ ನಿಲ್ಲಿಸಿದ. ಬಾಗಿಲು ತೆರೆದ ಜುಬೇದಾ ಉರ್ದು ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು, ನಗುಮುಖದ ದುಂಡನೆಯ ಹೆಂಗಸು. ಅಲ್ಫಿಯಾ ಇನ್ನೇನು ಬರುತ್ತಾಳೆ, ಬಿಸಿಲಲ್ಲಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸುವ ಪದ್ಧತಿ ಈ ಮನೆಯಲ್ಲಿಲ್ಲ ಎಂದು ಒಳಗೆ ಎಳೆದೊಯ್ದು ಕೂರಿಸಿ, ಶರಬತ್ತು ತಂದಿಟ್ಟಳು. ಬಾಳೆಹಣ್ಣನ್ನು ಕಂಡು ಕಣ್ಣರಳಿಸಿದಳು. ಗಡಿಗೆಯನ್ನು ಕಂಡು ಇನ್ನೂ ಅರಳಿಸಿದಳು.

ಅದು ತನಗೆ ತಂದ ಉಡುಗೊರೆಯೆಂದೇ ಅವಳು ತಿಳಿದಂತಿತ್ತು. ಬೇಡ ಎನ್ನುವಷ್ಟರಲ್ಲಿ ಎರಡೂ ಕೈಯಿಂದ ಎತ್ತಿಕೊಂಡಳು. ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ಬಡಿದಳು.

ಟಕ್, ಟಕ್.

ಆಮೇಲೆ ಗಡಿಗೆಯನ್ನು ನಿಧಾನವಾಗಿ ಬೋರಲು ಮಾಡಿದಳು. ತಳವನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರಿನಿಂದ ನಡು ತಳಕ್ಕೆ ಒಮ್ಮೆ ಹೊಡೆದಳು.

ಟಣ್.

ವಿದ್ಯಾವತಿ ಶರಬತ್ತಿನ ಲೋಟವನ್ನು ಕೆಳಗಿಟ್ಟಳು. ಆ ಬಿಡುವು ಯಾಕೆಂದು ಈಗ ಗೊತ್ತಾಯಿತು. ಬೋರಲು ಮಾಡಲು ಅಷ್ಟು ಹೊತ್ತು ಬೇಕು. ಬೇರೆ ಕೈ ಆಗಿದ್ದರೆ ಎಂದು ಅವಳ ಮನಸ್ಸು ದಾರಿ ಹುಡುಕಿತು. ದಾರಿ ಇರಲಿಲ್ಲ. 

"ಛಲೋ ಅದರಿ ಗಡಿಗಿ," ಎಂದಳು ಜುಬೇದಾ. "ಹೊಟ್ಟಿ ಎಲ್ಲಾರೂ ಬಡಿದು ನೋಡ್ತಾರ. ತಳ ಯಾರೂ ನೋಡೂದಿಲ್ಲ. ನಮ್ಮಮ್ಮಿ ಕಲಿಸಿದ್ದು."

"ಜುಬೇದಾಬಾಯಿ," ಎಂದಳು ವಿದ್ಯಾವತಿ. ದನಿ ತನ್ನದೇ ಅಲ್ಲವೇನೋ ಅನಿಸಿತು. "ಮಂಗಳವಾರ ಕಮಲಾಪುರಕ್ಕ ಹೋಗಿದ್ರೇನ್ರಿ?"

ಹೆದರುವಳು, ಬೆವರುವಳು, ಶರಬತ್ತಿನ ಲೋಟ ಕೆಡವುವಳು ಎಂದು ವಿದ್ಯಾವತಿ ಕಾದಳು. ಜುಬೇದಾ ಖುಷಿಯಿಂದ ಎದುರು ಕುರ್ಚಿ ಎಳೆದುಕೊಂಡಳು. ಹೋಗಿದ್ದೆ, ಅಷ್ಟು ದೂರ ಸ್ಕೂಟರ್ ಓಡಿಸಿದ್ದು ಅದೇ ಮೊದಲು, ಮಂಡಿ ಇನ್ನೂ ನೋಯುತ್ತಿದೆ, ಆದರೆ ಆ ತೋಟದ ಹೆಂಗಸು ಎಂಥ ಒಳ್ಳೆಯವಳು ಎಂದು ಶುರುಮಾಡಿದಳು. ಲಾರಿಯೊಂದನ್ನು ಹಿಂದೆ ಹಾಕಿದ ಸಾಹಸವನ್ನು ಕೈ ಮಾಡಿ ತೋರಿಸಿದಳು. ಬಿಸಿಲಿಗೆ ಆ ಯಂತ್ರ ಬಿರುಕು ಬಿಟ್ಟಿದ್ದರೆ ಮಗಳ ಮುಂದೆ ಹೇಗೆ ಮುಖ ತೋರಿಸಲಿ ಎಂದು ಅದನ್ನೂ ಹೀಗೇ ನೋಡಿಯೇ ತಂದಳಂತೆ.

"ಕಳಿಸಿದ್ದು ಯಾರ್ರಿ ನಿಮಗ?"

"ಯಾರಂದ್ರ? ಅಲ್ಫಿಯಾ," ಎಂದಳು ಜುಬೇದಾ. "ಅಕಿನೇ ಕೀಲಿ ಕೊಟ್ಟು ಕಳಿಸಿದ್ಳು. ತಂದು ಅಕಿ ಕೈಯಾಗೇ ಕೊಟ್ಟೀನಿ. ಎಲ್ಲಿ ಇಟ್ಟಾಳೋ ನನಗೂ ಹೇಳವಲ್ಳು. ನಿಮಗ ಗೊತ್ತಿರ್ಬೇಕಲ್ಲ, ನೀವೂ ಅಕಿ ಜೋಡಿನೇ ಕೆಲಸ ಮಾಡ್ತೀರಿ ಅಂದಿದ್ಳು."

ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಚಪ್ಪಲಿ ಬಿಡುವ ಸದ್ದು. ಅಲ್ಫಿಯಾ ಸ್ಕಾರ್ಫು ಬಿಚ್ಚುತ್ತ ಒಳಗೆ ಬಂದವಳು, ತಾಯಿಯ ತೊಡೆಯ ಮೇಲೆ ಬೋರಲು ಬಿದ್ದ ಗಡಿಗೆಯನ್ನು ಕಂಡಳು, ವಿದ್ಯಾವತಿಯ ಮುಖವನ್ನು ಕಂಡಳು. ಸ್ಕಾರ್ಫು ಅರ್ಧ ಬಿಚ್ಚಿದಲ್ಲೇ ಉಳಿಯಿತು.

"ಹೇಳಿಬಿಟ್ಟಿ ಏನಮ್ಮೀ?"

ತಾಯಿ ಮಗಳ ಮುಖ ನೋಡಿ, ಆಮೇಲೆ ವಿದ್ಯಾವತಿಯ ಮುಖ ನೋಡಿ, ನಗುವುದನ್ನು ನಿಲ್ಲಿಸಿದಳು. ವಿದ್ಯಾವತಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ನುಂಗಿಕೊಂಡಳು. ಬೆಳಗ್ಗೆ ಬಿಸಿಲಿನ ಚಿಂತೆ ಮಾಡಿದ್ದು, ಮೀನು ಎಂದದ್ದು, ಮನೆಗೆ ಬರಬೇಡಿ ಎಂದದ್ದು, ಎಲ್ಲ ಒಂದೊಂದಾಗಿ ಎದೆಗೆ ಚುಚ್ಚಿದವು.

"ನಿನ್ನ ಮ್ಯಾಲ ಮಾತು ಕೊಟ್ಟು ಬಂದೀನಿ ನಾ," ಎಂದಳು. "ಕಳವು ಮಾಡಿಸಿದಾಕಿ ನೀನೇ ಇದ್ದ ಮ್ಯಾಲ, ಹುಡುಕಿ ಕೊಡ್ರಿ ಅಂತ ನನ್ನ ಬಾಗಿಲಿಗೆ ಯಾಕ ಬಂದಿ? ಊರಾಗ ಮತ್ತ ಯಾರೂ ಸಿಗಲಿಲ್ಲೇನು?"

ಅಲ್ಫಿಯಾ ಬಾಗಿಲು ಮುಂದೆ ತಳ್ಳಿ ಚಿಲಕ ಹಾಕಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ನಡುಗಲಿಲ್ಲ.

"ನಾ ಮಾಡಿದ್ದನ್ನ ಸರ್ ಸೋಮವಾರ ತಮ್ಮ ಹೆಸರಿನ್ಯಾಗ ತೋರಿಸೋರಿದ್ರು ಆಂಟಿ. ಅಲ್ಲೀತನಕ ಅದು ಯಾರ ಕೈಗೂ ಸಿಗಬಾರ್ದಾಗಿತ್ತು. ನೀವು ಹುಡುಕಿದ್ರ ಸಿಗೂದಿಲ್ಲ ಅಂತ ಎಲ್ಲಾರೂ ಅಂದ್ರು. ಅದಕ್ಕ ನಿಮ್ಮ ಹತ್ರ ಬಂದೆ."